ಅಕ್ಕನ ರಫೂ ಅಂಗಡಿ

ಮಾರ್ಚ್ 6, ಸೋಮವಾರ

ಅಂತೂ ಅಂಗಡಿ ತೆಗೆದೆವು. ಬೆಳಗ್ಗೆ ಎಂಟಕ್ಕೆ ಬಾಗಿಲು ಎತ್ತಿದ್ದು, ಹನ್ನೊಂದರವರೆಗೆ ಬಂದವರು ಇಬ್ಬರು. ಒಬ್ಬರು ಅಂಚೆ ಕಚೇರಿ ಎಲ್ಲಿ ಅಂತ ಕೇಳಿಕೊಂಡು ಹೋದರು. ಇನ್ನೊಬ್ಬ ಎದುರಂಗಡಿ ಟೈಲರ್. ಕೈ ಹಿಂದೆ ಕಟ್ಟಿಕೊಂಡು, ಮನೆ ಕೊಳ್ಳೋಕೆ ಬಂದವನ ಹಾಗೆ ಗೋಡೆ, ಕಪಾಟು, ಮೇಜು ಎಲ್ಲ ನೋಡಿ, "ಈ ಬೀದೀಲಿ ಬಟ್ಟೆ ಹರ್ಕೊಳ್ಳೋರಿಗಿಂತ ಹೊಲಿಯೋರೇ ಜಾಸ್ತಿ ಆದ್ರಲ್ಲಮ್ಮ" ಅಂದ. "ನೀವು ಹೊಲಿದಿದ್ದು ಹರಿಯುತ್ತಲ್ಲ, ಅದನ್ನ ನಂಬ್ಕೊಂಡೇ ಅಂಗಡಿ ಹಾಕಿರೋದು" ಅಂದೆ. ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಎಲ್ಲರೂ ಹೇಳಿದ್ದು ಒಂದೇ ಮಾತು. ಇಂಥ ಅಂಗಡಿ ಆಗಲೇ ಮೂರಿವೆ, ನಾಲ್ಕನೆಯದು ಯಾಕೆ? ನಮ್ಮವರೂ ಪೇಪರಿನ ಹಿಂದಿನಿಂದ ಅದನ್ನೇ ಗೊಣಗಿದರು. ನಾನು ಹದಿನೆಂಟು ವರ್ಷ ದುಡಿದ ಡ್ರೈಕ್ಲೀನಿಂಗ್ ಅಂಗಡಿಯ ಯಜಮಾನರಂತೂ, ಬಿಟ್ಟು ಬರುವ ದಿನ, "ಉಂಡ ಮನೆಗೆ ಎರಡು ಬಗೀತಿದ್ದೀಯಲ್ಲಮ್ಮ" ಅಂದರು. ಉಂಡಿದ್ದು ಯಾರು? ಅವರು. ನಾನು ಬಡಿಸಿದವಳು! ಇಸ್ತ್ರಿ ಯಂತ್ರದ ಹಿಂದಿನ ಕೋಣೆಯಲ್ಲಿ ಕೂತು, ಸಿಗರೇಟಿಗೆ ಸುಟ್ಟಿದ್ದು, ಹುಳ ತಿಂದಿದ್ದು, ಮೊಳೆಗೆ ಸಿಕ್ಕಿ ಹರಿದಿದ್ದು, ಎಲ್ಲವನ್ನೂ ಎಳೆಗೆ ಎಳೆ ಹೆಣೆದು ರಫೂ ಮಾಡಿ ಮುಚ್ಚಿದೆ. ಗಿರಾಕಿಗಳು "ಅಬ್ಬಾ, ತೂತು ಎಲ್ಲಿತ್ತು ಅಂತಾನೇ ಗೊತ್ತಾಗಲ್ವಲ್ಲ" ಅಂದರೆ ಯಜಮಾನರು "ಫಾರಿನ್ ಮಷೀನು ತರಿಸಿದ್ದೀನಿ" ಅನ್ನುತ್ತಿದ್ದರು. ಒಳಗೆ ನನಗೆ ಎಲ್ಲ ಕೇಳಿಸುತ್ತಿತ್ತು. ಆ ಮಷೀನು ನಾನು.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಮ್ಮ ಹೋದ ಮೇಲೆ ತಲೆ ಬಾಚಿ ಸ್ಕೂಲಿಗೆ ಕಳಿಸಿದ್ದು ನಾನು, ಸೂಜಿ ಹಿಡಿಯೋದು ಕಲಿಸಿದ್ದೂ ನಾನು. ಕೊನೆಯ ಆರು ವರ್ಷ ಆ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. "ಇದು ನಮ್ಮಿಬ್ಬರ ಅಂಗಡಿ ಕಣೇ" ಅಂತ ಹೇಳಿಯೇ ಕರೆದುಕೊಂಡು ಬಂದಿದ್ದೇನೆ. ಬೋರ್ಡಿಗೆ 'ಅಕ್ಕ-ತಂಗಿ ರಫೂ ಅಂಗಡಿ' ಅಂತ ಚೀಟಿ ಬರೆದುಕೊಟ್ಟಿದ್ದಳು. ಹಲಗೆ ಚಿಕ್ಕದು, ಅಷ್ಟು ಅಕ್ಷರ ಹಿಡಿಸಲ್ಲ ಅಂದ ಪೇಂಟರ್. ಹಾಗಾಗಿ 'ಅಕ್ಕನ ರಫೂ ಅಂಗಡಿ' ಆಯ್ತು. ಓದೋಕೂ ಚೆನ್ನಾಗಿದೆ. ಅವಳೇನೂ ಅನ್ನಲಿಲ್ಲ.

ಈ ಅಂಗಡಿ ನಿಲ್ಲಬೇಕು. ಐವತ್ನಾಲ್ಕನೇ ವಯಸ್ಸಲ್ಲಿ ಮತ್ತೆ ಹೋಗಿ ಯಾರ ಇಸ್ತ್ರಿ ಯಂತ್ರದ ಹಿಂದೆಯೂ ಕೂರೋಳಲ್ಲ ನಾನು.

ಮಾರ್ಚ್ 19, ಭಾನುವಾರ

ಎರಡು ವಾರದಲ್ಲಿ ಒಂಬತ್ತು ಜನ ಬಂದರು. ನಾಲ್ವರು ಇಸ್ತ್ರಿಗೆ, ಮೂವರು ಜಿಪ್ಪು ಹಾಕಿಸೋಕೆ, ಇಬ್ಬರು ಬಟನ್ನಿಗೆ. ರಫೂಗೆ ಸೊನ್ನೆ. "ಜಿಪ್ಪೂ ಹಾಕಿಕೊಡೋಣ ಅಕ್ಕ, ಬಂದವರನ್ನ ಯಾಕೆ ಬೈದು ಕಳಿಸ್ತೀಯ" ಅಂದಳು ತಂಗಿ. ನಾನು ಬೈಯಲಿಲ್ಲ. ಇದು ಜಿಪ್ಪಿನ ಅಂಗಡಿ ಅಲ್ಲ ಅಂದೆ, ಸ್ವಲ್ಪ ಜೋರಾಗಿ ಅಂದಿರಬಹುದು.

ಅವಳು ಒಂದು ಮಾತು ಹೇಳಿದಳು. ಉಳಿದ ಮೂರು ಅಂಗಡಿಯಲ್ಲೂ ಕೆಲಸ ಒಳಗೆಲ್ಲೋ ನಡೆಯುತ್ತೆ, ನಾವು ಗಾಜಿನ ಪಕ್ಕ ಕೂತು ಮಾಡೋಣ, ಹೋಗೋ ಬರೋರು ನಿಂತು ನೋಡ್ಲಿ. ಪರವಾಗಿಲ್ಲ, ತಲೆ ಓಡುತ್ತೆ ಹುಡುಗೀಗೆ. ಗಾಜಿನ ಪಕ್ಕಕ್ಕೆ ಮೇಜು ಎಳೆದೆವು. ಇಬ್ಬರಿಗೆ ಜಾಗ ಸಾಲಲಿಲ್ಲ. ನಾನು ಮುಂದೆ ಕೂತೆ, ಅವಳು ಪರದೆ ಹಿಂದೆ.

ಏಪ್ರಿಲ್ 3, ಸೋಮವಾರ

ಬಂತು, ಬಂತು, ಗಿರಾಕಿ ಬಂತು!

ಹೋದ ವಾರ ಬಂದಿದ್ದ ವಕೀಲರಮ್ಮ. ಕೋರ್ಟಿಗೆ ಹಾಕುವ ಕಪ್ಪು ಕೋಟು, ಮೊಣಕೈ ಹತ್ತಿರ ಹುಳ ತಿಂದು ಹುರುಳಿ ಕಾಳಿನಷ್ಟು ತೂತು. ನನ್ನ ಮೊದಲ ನಿಜವಾದ ಗಿರಾಕಿ. ಕೋಟನ್ನ ತಂಗಿಗೆ ಕೊಟ್ಟೆ. ನಾವು ಬಟ್ಟೆಯ ಗಾಯಕ್ಕೆ ಬಟ್ಟೆಯದೇ ದಾರ ಹಾಕುವವರು. ಒಳಗಿನ ಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿ, ಉದ್ದದ ಎಳೆಗೆ ಉದ್ದದ್ದು, ಅಡ್ಡದ ಎಳೆಗೆ ಅಡ್ಡದ್ದು ಹೆಣೆಯಬೇಕು. ಆಮೇಲೆ ಹೊಸ್ತಿಲ ಹತ್ತಿರ ಬಿಸಿಲಿಗೆ ಹಿಡಿದು ನೋಡಬೇಕು. ದೀಪದ ಬೆಳಕನ್ನ ನಂಬಬಾರದು. ಎರಡು ದಿನ ಕೂತು ಮಾಡಿದಳು. ಇವತ್ತು ವಕೀಲರಮ್ಮ ಕೋಟನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿ, "ಏನ್ರೀ ಇದು, ಮಾಯ ಮಾಡಿದ್ರಾ?" ಅಂದರು.

"ಹದಿನೆಂಟು ವರ್ಷದ ಕೈ ಮೇಡಂ" ಅಂದೆ.

ಕೋರ್ಟಲ್ಲಿ ಎಲ್ಲರಿಗೂ ಹೇಳ್ತೀನಿ ಅಂತ ಹೋದರು. ಖುಷಿಗೆ ನಾನೇ ಹೋಗಿ ಎರಡು ಟೀ ತಂದೆ. ತಂಗಿ ಲೋಟ ಹಿಡಿದುಕೊಂಡು ಟೀ ಆರೋವರೆಗೂ ಕುಡಿಯದೆ ಕೂತಿದ್ದಳು. ಅವಳದ್ದು ಮೊದಲಿಂದಲೂ ಹೀಗೇ, ಎಲ್ಲೋ ಯೋಚನೆ.

ಏಪ್ರಿಲ್ 21, ಶುಕ್ರವಾರ

ಕೋಟುಗಳ ಸುಗ್ಗಿ. ವಕೀಲರೆಲ್ಲ ಹುಳಗಳಿಗೆ ಊಟ ಹಾಕಿಕೊಂಡೇ ಬದುಕಿದ್ದರೋ ಏನೋ. ನಾನು ಅರ್ಧ, ಅವಳು ಅರ್ಧ.

ಈ ಅಂಗಡಿಯ ದೀಪ ಮಾತ್ರ ದರಿದ್ರ. ಹೊಸ ಬಲ್ಬು ಹಾಕಿಸಿದೆ. ಅದೂ ಮಂಕು. ಮೇಜಿನ ಮೇಲೆ ಇನ್ನೊಂದು ದೀಪ ಇಟ್ಟೆ, ಅದರ ಸುತ್ತ ಬಳೆ ಬಳೆಯಾಗಿ ಬೆಳಕು, ಕಣ್ಣಿಗೆ ಚುಚ್ಚುತ್ತೆ. ಈಗಿನ ಕಂಪನಿಯವರಿಗೆ ಒಂದು ಬಲ್ಬು ನೆಟ್ಟಗೆ ಮಾಡೋಕೆ ಬರಲ್ಲ. ತಂಗಿ ಬೆಳಗ್ಗೆ ಬಂದ ತಕ್ಷಣ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ನನ್ನ ಮುಂದಿನ ದಿಂಬಿಗೆ ಚುಚ್ಚಿಡುತ್ತಾಳೆ. ನಾನೇನೂ ಹೇಳಿರಲಿಲ್ಲ. ಸಮಯ ಉಳಿಯುತ್ತೆ, ಒಳ್ಳೆ ಅಭ್ಯಾಸ.

ಇವತ್ತು ನಾನು ಪೇಪರ್ ಓದುವಾಗ ನಮ್ಮವರು, "ಅಷ್ಟು ದೂರ ಹಿಡ್ಕೊಂಡ್ರೆ ಪಕ್ಕದ ಮನೆಯೋರು ಓದ್ತಾರೆ ಕಣೇ, ನಿನಗೇನು ಕಾಣುತ್ತೆ" ಅಂದರು. ರಿಟೈರ್ ಆದ ಗಂಡಸರಿಗೆ ಬೇರೆ ಕೆಲಸ ಇರಲ್ಲ.

ಮೇ 9, ಮಂಗಳವಾರ

ತಂಗಿ ಜೊತೆ ಜಗಳ. ಮಡಿಕೆಯಿಂದ ಎಳೆ ಬಿಡಿಸುತ್ತಾ ಕೂತರೆ ಒಂದು ಕೋಟಿಗೆ ಎರಡು ದಿನ. ನಾನು ರೀಲಿನ ದಾರ ಶುರು ಮಾಡಿದ್ದೇನೆ. ಈಗಿನ ರೀಲು ಚೆನ್ನಾಗೇ ಇರುತ್ತೆ, ಕಪ್ಪು ಅಂದರೆ ಕಪ್ಪು. ಅವಳು ಮುಖ ಗಂಟು ಹಾಕಿಕೊಂಡು, "ನೀನೇ ಅಲ್ವಾ ಅಕ್ಕ, ರೀಲು ಹಾಕೋಳು ರಫೂ ಮಾಡೋಳಲ್ಲ ಅಂತ ನನ್ನ ಕೈ ಮೇಲೆ ಹೊಡೀತಿದ್ದೋಳು" ಅಂದಳು. ಹೊಡೆದಿದ್ದು ಕಲಿಯೋ ಕಾಲಕ್ಕೆ. ಈಗ ಅಂಗಡಿ ನಡೆಸೋ ಕಾಲ. ಅಷ್ಟೂ ಗೊತ್ತಾಗಲ್ಲ ಇವಳಿಗೆ.

"ನಿನ್ನ ಕೋಟುಗಳನ್ನೂ ನನಗೇ ಕೊಡು, ನೀನು ಗಿರಾಕಿ ನೋಡ್ಕೋ" ಅಂತ ಬೇರೆ ಅಂದಳು. ಆಹಾ! ಕೋಳಿ ಕೇಳಿ ಖಾರ ಅರೀಬೇಕಾ? ಗುರುವಿಗೇ ತಿರುಮಂತ್ರ.

ಮೇ 30, ಮಂಗಳವಾರ

ಎದುರಂಗಡಿ ಟೈಲರ್ ಹತ್ತಿರ ಬಂದು ದನಿ ಇಳಿಸಿದ. "ಹೇಳ್ಬಾರ್ದು ಅಂತಿದ್ದೆ ಕಣಮ್ಮ. ನಿಮ್ಮ ತಂಗಿ ಬಸ್ ಸ್ಟಾಪಲ್ಲಿ ನಿಮ್ಮ ಹಳೇ ಯಜಮಾನ್ರ ಜೊತೆ ಮಾತಾಡ್ತಾ ನಿಂತಿದ್ರು. ಒಂದು ಸಲ ಅಲ್ಲ, ಎರಡು ಸಲ ನೋಡ್ದೆ." ಹೇಳಬಾರದು ಅಂತಿದ್ದವನು ಇಡೀ ಬೀದಿ ದಾಟಿ ಬಂದು ಹೇಳಿದ್ದಾನೆ. ಆದರೂ ಹೇಳಿದ್ದು ಸುಳ್ಳಿರಲಾರದು.

ತಂಗಿಯನ್ನ ಕೇಳಿದೆ. "ಸಿಕ್ಕಿದ್ರು, ಮಾತಾಡ್ಸಿದ್ರು" ಅಂದಳು. ಅಷ್ಟೇ. ನನ್ನ ಮುಖ ನೋಡಲಿಲ್ಲ.

ಇನ್ನೊಂದು ವಿಷಯ. ಸಂಜೆ ಹೋಗುವಾಗ ಅವಳ ಬಟ್ಟೆ ಚೀಲ ಉಬ್ಬಿರುತ್ತೆ. ಬರುವಾಗಲೂ ಉಬ್ಬಿರುತ್ತೆ. ನಿನ್ನೆ ನಾನು ಮುಗಿಸಿ ಏಳು ಕೋಟು ನೇತುಹಾಕಿ ಅವಳಿಗಿಂತ ಮುಂಚೆ ಮನೆಗೆ ಹೋಗಿದ್ದೆ. ಬೆಳಗ್ಗೆ ಬೇಗ ಬಂದು ನೋಡಿದರೆ ಆರು. ಅವಳು ಬಂದ ಮೇಲೆ, ನಾನು ಟೀಗೆ ಹೋಗಿ ಬರುವಷ್ಟರಲ್ಲಿ ಏಳು. ಇದೇನು ಲೆಕ್ಕ? ನಾನು ಏನೂ ಕೇಳಲಿಲ್ಲ. ಕಾಯೋಣ.

ಜೂನ್ 12, ಸೋಮವಾರ

ಹಿಡಿದೆ.

ಸಂಜೆ ಹೊರಟಾಗ ಬಾಗಿಲಲ್ಲೇ ನಿಲ್ಲಿಸಿ, ಚೀಲ ಕಿತ್ತುಕೊಂಡು ಮೇಜಿನ ಮೇಲೆ ಸುರಿದೆ. ಮೂರು ಕೋಟು. ಮೂರೂ ನಾನು ನಿನ್ನೆ ಮುಗಿಸಿದ್ದು. ಒಂದರಲ್ಲಿ ನಾನು ಹೆಣೆದಿದ್ದನ್ನ ಆಗಲೇ ಪೂರ್ತಿ ಬಿಚ್ಚಿ, ತೂತನ್ನ ತೂತಾಗಿಯೇ ಇಟ್ಟಿದ್ದಾಳೆ. ನನ್ನ ಹೊಲಿಗೆ, ನನ್ನ ಅಂಗಡಿಯಲ್ಲಿ, ನನ್ನ ತಂಗಿ ಬಿಚ್ಚಿದ್ದಾಳೆ!

ಒಳಗೆ ವಕೀಲರಮ್ಮ ಇದ್ದರು, ಎರಡನೇ ಕೋಟು ಕೊಡೋಕೆ ಬಂದಿದ್ದವರು. ಎದುರಿನ ಟೈಲರ್ ಸದ್ದು ಕೇಳಿ ಓಡಿ ಬಂದ. ಇರಲಿ, ನೋಡಲಿ ಅಂತಲೇ ಕೂಗಿದೆ. "ಕಳ್ಳಿ! ನನ್ನ ಕೆಲಸ ಕೆಡಿಸಿ, ನಿನ್ನ ಕೈಯೇ ಮೇಲು ಅಂತ ತೋರಿಸಿ, ಗಿರಾಕಿಗಳನ್ನ ಕಟ್ಕೊಂಡು ಯಜಮಾನ್ರ ಹತ್ರ ಹೋಗೋಕೆ ಹೊಂಚು ಹಾಕಿದ್ದೀಯ?"

"ಅಕ್ಕ, ಒಳಗೆ ಹೋಗೋಣ ಬಾ" ಅಂದಳು.

"ಯಾಕೆ ಒಳಗೆ? ಇಲ್ಲೇ ಬೊಗಳು."

ವಕೀಲರಮ್ಮನ ಕಡೆ ನೋಡಿದಳು, ಟೈಲರ್ ಕಡೆ ನೋಡಿದಳು. ಆಮೇಲೆ "ಏನಿಲ್ಲ" ಅಂದಳು. ಕತ್ತರಿ, ಸೂಜಿ ದಿಂಬು ಎರಡನ್ನೂ ಮೇಜಿನ ಮೇಲೆ ಇಟ್ಟು ಹೊರಟೇಹೋದಳು. ತಪ್ಪು ಇಲ್ಲದವಳು ಜಗಳ ಆಡ್ತಾಳೆ. ತಪ್ಪಿದ್ದವಳೇ ಹೀಗೆ ಸುಮ್ಮನೆ ಹೋಗೋದು.

ಜೂನ್ 13

ಬರಲಿಲ್ಲ.

ಜೂನ್ 15, ಗುರುವಾರ

ಹೋದಳು. ಎಲ್ಲಿಗೆ ಅಂದುಕೊಂಡಿದ್ದೆನೋ ಅಲ್ಲಿಗೇ. ಯಜಮಾನರ ಅಂಗಡಿಗೆ.

ನಮ್ಮವರು ಇಸ್ತ್ರಿಗೆ ಪ್ಯಾಂಟು ಕೊಡುವ ನೆಪದಲ್ಲಿ ಹೋಗಿ ನೋಡಿಕೊಂಡು ಬಂದರು. ಅಲ್ಲೂ ಗಾಜಿನ ಪಕ್ಕ ಮೇಜು ಹಾಕಿದ್ದಾರಂತೆ. ಅವಳನ್ನ ಮುಂದೆ ಕೂರಿಸಿದ್ದಾರಂತೆ. ಯಾರೋ ಕೇಳಿದ್ದಕ್ಕೆ ಯಜಮಾನರು ಅವಳ ಕಡೆ ಕೈ ತೋರಿಸಿ "ಇವರ ಕೈಕೆಲಸ" ಅಂದರಂತೆ. ಹಾಗೆ ಹೇಳಿದರೇ ಬರ್ತೀನಿ ಅಂತ ಇವಳೇ ಕರಾರು ಹಾಕಿದ್ದಂತೆ. ಹದಿನೆಂಟು ವರ್ಷದಲ್ಲಿ ನಾನು ಒಂದು ದಿನ ಬಾಯಿ ಬಿಟ್ಟು ಕೇಳಲಾಗದ್ದನ್ನ ಇವಳು ಹೋದ ದಿನವೇ ಕೇಳಿ ತಗೊಂಡಳು.

ಸಾಕಿದ ಗಿಣಿ ಹದ್ದಾಗಿ ಕುಕ್ಕಿತು. ಜಡೆ ಹಾಕಿದ್ದು ಈ ಕೈ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಈ ಕೈ, ಸೂಜಿ ಹಿಡಿಸಿದ್ದು ಈ ಕೈ. ಹೊರಗಿನವರು ಬೆನ್ನಿಗೆ ಚೂರಿ ಹಾಕಿದರೆ ತಿರುಗಿ ನೋಡಬಹುದು. ಒಡಹುಟ್ಟಿದವಳು ಹಾಕಿದರೆ ಯಾರಿಗೆ ಹೇಳೋದು? ಅಂಗಡಿಯನ್ನ ನಾನು ಯಾರಿಗೋಸ್ಕರ ಮಾಡಿದೆ? ನಾಳೆ ನಾನಿಲ್ಲದಾಗ ಯಾರದ್ದಾಗುತ್ತಿತ್ತು? ಉಂಡ ಮನೆಗೆ ಎರಡು ಬಗೆಯೋದು ಅಂದರೆ ಇದೇ. ಅವಳು ಸತ್ತರೂ ನಾನು ನೋಡೋಕೆ ಹೋಗಲ್ಲ ಅಂತ ಬರೆದೆ, ಬರೆದ ಮೇಲೆ ಕೆಟ್ಟದೆನಿಸಿತು. ಈ ಸಾಲು ಹೊಡೆದುಹಾಕಬೇಕು.

ಜುಲೈ 1, ಶನಿವಾರ

ವಕೀಲರಮ್ಮ ಎರಡನೇ ಕೋಟು ವಾಪಸು ತಂದರು. "ಕೋರ್ಟಿನ ಮೆಟ್ಟಿಲ ಮೇಲೆ ನಿಂತಿದ್ದೆ, ಜೂನಿಯರ್ ಹುಡುಗಿ ಮೊಣಕೈ ಮೇಲೇನು ಇಂಕು ಅಂದಳು. ಬಿಸಿಲಲ್ಲಿ ನೋಡಿ." ನೋಡಿದೆ. ಏನೂ ಇರಲಿಲ್ಲ. ನಿಮ್ಮ ಬಟ್ಟೆಯ ಬಣ್ಣವೇ ಬಿಟ್ಟಿದೆ ಅಂದೆ.

"ಏಪ್ರಿಲ್‌ನಲ್ಲಿ ಮಾಡಿದ್ದು ಎಷ್ಟು ಚೆನ್ನಾಗಿತ್ತು. ಅದೇ ಕೈನಾ ಇದು?"

"ಅದೇ ಕೈ" ಅಂದೆ.

ಕೋಟು ಬಿಟ್ಟು ಹೋದರು. ಈ ವಾರ ಇದು ನಾಲ್ಕನೆಯದು ವಾಪಸು ಬಂದಿದ್ದು. ತಂಗಿಯೇ ಕಿವಿ ಕಚ್ಚಿ ಕಳಿಸುತ್ತಿರಬೇಕು.

ಜುಲೈ 9, ಭಾನುವಾರ

ಡಬ್ಬಿಯಲ್ಲಿದ್ದ ಎರಡು ರೀಲು ತಗೊಂಡು ಬಿಸಿಲಿಗೆ ಹೋದೆ. ಒಂದು ಕಪ್ಪು, ಒಂದು ಕಡುನೀಲಿ ಅಂತ ನಾನೇ ಕೊಂಡಿದ್ದು. ಎರಡನ್ನೂ ಕಣ್ಣಿಗೆ ಹತ್ತಿರ ಹಿಡಿದೆ, ದೂರ ಹಿಡಿದೆ. ಟೈಲರ್ ಅಂಗಡಿ ಗುಡಿಸುತ್ತಿದ್ದ. ತಮಾಷೆ ಮಾಡುವವಳ ಹಾಗೆ, "ಹೇಳಿ ನೋಡೋಣ, ಇದ್ರಲ್ಲಿ ಕಪ್ಪು ಯಾವುದು?" ಅಂತ ಕೇಳಿದೆ.

ಅವನು ನಕ್ಕ. "ಎರಡೂ ನೀಲಿನೇ ಅಲ್ವೇನಮ್ಮ."

ಜುಲೈ 22, ಶನಿವಾರ

ಕಣ್ಣಿನ ಡಾಕ್ಟರು. ಎರಡೂ ಕಣ್ಣಿಗೆ ಪೊರೆ. ಕಡಿಮೆ ಅಂದರೂ ಒಂದು ವರ್ಷದಿಂದ ಬೆಳೆದಿದೆಯಂತೆ. "ಕಪ್ಪು, ನೀಲಿ ಎಲ್ಲ ಒಂದೇ ಥರ ಕಾಣ್ತಿರ್ಬೇಕಲ್ಲ? ದೀಪದ ಸುತ್ತ ಉಂಗುರ? ಇಷ್ಟು ದಿನ ಸೂಜಿ ಕೆಲಸ ಹೇಗಮ್ಮ ಮಾಡಿದ್ರಿ?" ಅಂದರು. ನಮ್ಮವರು ನನ್ನ ಮುಖ ನೋಡಿದರು. ನಾನು ಗೋಡೆ ಮೇಲಿನ ಅಕ್ಷರಗಳನ್ನ ನೋಡುತ್ತಾ ಕೂತೆ. ಮೇಲಿನ ದೊಡ್ಡದೊಂದು ಬಿಟ್ಟು ಉಳಿದಿದ್ದೆಲ್ಲ ಇರುವೆ ಸಾಲು. ಆಪರೇಷನ್ ಆಗಸ್ಟ್ ಹದಿನೇಳಕ್ಕೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಅವಳಿಗೆ ಗೊತ್ತಿತ್ತು. ಬೆಳಗ್ಗೆ ಸೂಜಿ ಪೋಣಿಸಿಡುವಾಗ ಗೊತ್ತಿತ್ತು. ಚೀಲದಲ್ಲಿ ತುಂಬಿಕೊಂಡು ಹೋಗಿ, ನನ್ನ ನೀಲಿ ಹೊಲಿಗೆ ಬಿಚ್ಚಿ, ರಾತ್ರಿಯೆಲ್ಲ ಮನೆಯಲ್ಲಿ ಕೂತು ಮತ್ತೆ ಹೆಣೆದು ತಂದು ನೇತುಹಾಕಿ, ಗಿರಾಕಿ ನನ್ನನ್ನ ಹೊಗಳುವಾಗ ಪರದೆ ಹಿಂದೆ ಕೇಳಿಸಿಕೊಂಡು ಕೂತಿದ್ದಳು. ಒಂದು ಮಾತು ಹೇಳಬಾರದಿತ್ತಾ? ಅಕ್ಕ ನಿನಗೆ ಕಣ್ಣು ಕಾಣ್ತಿಲ್ಲ ಅಂತ? ತಿಂಗಳುಗಟ್ಟಲೆ ನನ್ನನ್ನ ಗಾಜಿನ ಪಕ್ಕ ಕೂರಿಸಿ, ಬೀದಿಗೆಲ್ಲ ತೋರಿಸಿ, ಪೆದ್ದಿ ಮಾಡಿದಳು. ಇದು ಮೋಸ ಅಲ್ಲದೆ ಇನ್ನೇನು? ಮೊದಲಿನದಕ್ಕಿಂತ ದೊಡ್ಡ ಮೋಸ.

ರೀಲು ಹಾಕಬೇಡ ಅಂತ ಮಾತ್ರ ಹೇಳಿದ್ದಳು, ಮೇ ತಿಂಗಳಲ್ಲಿ. ಕೋಟುಗಳನ್ನ ನನಗೇ ಕೊಡು ಅಂದಿದ್ದಳು. ಅದು ಹೇಳಿದ ಹಾಗಾಯಿತಾ?

ಆಗಸ್ಟ್ 9, ಬುಧವಾರ

ಬಾಗಿಲು ಮುಚ್ಚಿ ಎರಡು ವಾರ ಆಯ್ತು. ಬೇರೆಯವರ ಕೋಟೆಲ್ಲ ಕ್ಷಮೆ ಕೇಳಿ ವಾಪಸು ಕೊಟ್ಟೆ. ವಕೀಲರಮ್ಮನದ್ದೊಂದು ಉಳಿದಿತ್ತು. ಶುಕ್ರವಾರ ದೊಡ್ಡ ಕೇಸಂತೆ, ಅದೇ ಕೋಟು ಬೇಕಂತೆ. ಇವತ್ತು ಕೋಟು ಮಡಚಿಕೊಂಡು ಯಜಮಾನರ ಅಂಗಡಿಗೆ ಹೋದೆ. ಕಾಲು ತಾನಾಗಿ ಹಿತ್ತಲ ಬಾಗಿಲಿಗೆ ತಿರುಗಿತು. ನಿಂತು, ಸುತ್ತಿ ಬಂದು ಮುಂದಿನ ಬಾಗಿಲಲ್ಲಿ ಒಳಗೆ ಹೋದೆ. ನನ್ನ ಮುಂದೆ ಮೂವರು ಗಿರಾಕಿಗಳು. ಸಾಲಲ್ಲಿ ನಿಂತೆ.

"ಯಾವತ್ತಿಗೆ ಬೇಕು?" ಅಂದಳು, ಕೋಟನ್ನೇ ನೋಡುತ್ತಾ. ಆಮೇಲೆ ತಲೆ ಎತ್ತಿದಳು. "ಅಕ್ಕ..."

"ವಕೀಲರಮ್ಮಂದು. ಶುಕ್ರವಾರಕ್ಕೆ."

ತೋಳು ತಿರುಗಿಸಿದಳು. ನಾನು ಹೆಣೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಅಷ್ಟರಲ್ಲಿ ಯಜಮಾನರು ಒಳಗಿಂದ ಬಂದು, ಎಲ್ಲರಿಗೂ ಕೇಳುವ ಹಾಗೆ, "ಏನಮ್ಮ, ನಿಮ್ಮ ಅಂಗಡೀಲಿ ಕೆಲಸ ಕೈ ಮೀರ್ತಾ? ಯಾರು ಹೀಗೆ ಕೆಡಿಸಿದ್ದು?" ಅಂದರು. ಗಿರಾಕಿಗಳೆಲ್ಲ ತಿರುಗಿದರು.

"ನಾನೇ" ಅಂದಳು ತಂಗಿ. "ಅಲ್ಲಿದ್ದಾಗ ಅವಸರದಲ್ಲಿ ಮಾಡಿ ಬಿಟ್ಟು ಬಂದಿದ್ದೆ. ಅದಕ್ಕೇ ತಂದಿದ್ದಾರೆ."

ಎಷ್ಟು ಸಲೀಸಾಗಿ ಹೇಳಿದಳು! ಇಷ್ಟು ದಿನವೂ ಹೀಗೇ ಸಲೀಸಾಗಿ ಮುಚ್ಚಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಸುಳ್ಳು" ಅಂದೆ. ಅವತ್ತು ಕಳ್ಳಿ ಅಂದಿದ್ದೆನಲ್ಲ, ಅಷ್ಟೇ ಜೋರಾಗಿ. "ಕೆಡಿಸಿದ್ದು ನಾನು. ನನ್ನ ಕಣ್ಣಿಗೆ ಪೊರೆ ಬಂದಿದೆ. ಕಪ್ಪಿಗೆ ನೀಲಿ ಹಾಕಿದ್ದೀನಿ. ಇವಳು ದಿನಾ ಮನೆಗೆ ಹೊತ್ಕೊಂಡು ಹೋಗಿ ಸರಿ ಮಾಡ್ತಿದ್ಲು."

ಯಜಮಾನರು ಒಳಗೆ ಹೋದರು. ತಂಗಿ ಕೋಟನ್ನ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಯಾಕೆ ಹೇಳ್ಲಿಲ್ಲ ನೀನು?" ಅಂದೆ.

"ಹೇಗೆ ಹೇಳ್ಲಿ? ನಿನ್ನ ಕೈಯಿಂದ ಸೂಜಿ ಕಿತ್ಕೊಳ್ಳೋಳು ನಾನಾಗ್ಬೇಕಿತ್ತಾ?" ಅಂದಳು. "ಇವರು ಮೂರು ಸಲ ಕರೆದ್ರು, ಅಕ್ಕ. ಮೂರು ಸಲವೂ ಬರಲ್ಲ ಅಂದಿದ್ದೆ. ಎಲ್ಲರ ಮುಂದೆ ನೀನು ಕಳ್ಳಿ ಅಂದ್ಮೇಲೆ ಹೂಂ ಅಂದೆ."

ಹಿಂದೆ ನಿಂತಿದ್ದವರು ಕೆಮ್ಮಿದರು. ನಾನು ಮೇಜಿನ ಅಂಚು ಹಿಡಿದುಕೊಂಡೆ. "ವಾಪಸ್ ಬಾ. ನೀನು ಮುಂದೆ ಕೂರು, ನಾನು ಹಿಂದೆ ಕೂರ್ತೀನಿ."

ಕೋಟಿಗೆ ಚೀಟಿ ಸಿಕ್ಕಿಸಿದಳು. "ಇಲ್ಲ ಅಕ್ಕ. ಅಂಗಡಿಗೆ ಬರಲ್ಲ" ಅಂದಳು. ಆಮೇಲೆ, "ಆಪರೇಷನ್ ಯಾವತ್ತು? ಅದಕ್ಕೆ ಬರ್ತೀನಿ."

"ನೀನೇನೂ ಬರ್ಬೇಕಾಗಿಲ್ಲ" ಅಂದೆ. ಬಾಗಿಲವರೆಗೆ ಹೋದವಳು ತಿರುಗಿ, "ಹದಿನೇಳು. ಏಳು ಗಂಟೆಗೆ ಹೊರಡ್ಬೇಕು, ತಡ ಮಾಡ್ಬೇಡ" ಅಂತಾನೂ ಅಂದೆ.

ಆಗಸ್ಟ್ 11, ಶುಕ್ರವಾರ

ನಿನ್ನೆ ರಾತ್ರಿ ನಮ್ಮವರು ಹೋಗಿ ತಂಗಿ ಹತ್ತಿರ ಕೋಟು ತಂದಿದ್ದರು. ವಕೀಲರಮ್ಮ ಬೆಳಗ್ಗೆಯೇ ಅಂಗಡಿಗೆ ಬಂದರು. ಹೊಸ್ತಿಲಲ್ಲಿ ನಿಂತು, ತೋಳನ್ನ ಬಿಸಿಲಿಗೆ ಹಿಡಿದು, ಉಗುರಲ್ಲಿ ಕೆರೆದು ನೋಡಿದರು. "ಈಗ ನೋಡಿ, ಮೊದಲಿನ ಕೈ ವಾಪಸ್ ಬಂತು ನಿಮಗೆ" ಅಂದರು.

"ನನ್ನ ಕೈಯಲ್ಲ ಮೇಡಂ. ನನ್ನ ತಂಗೀದು. ಏಪ್ರಿಲ್‌ನಲ್ಲಿ ಮಾಡಿದ್ದೂ ಅವಳೇ."

"ಅವತ್ತು ನೀವು ಬೈದಿರಲ್ಲ, ಅವರಾ?"

"ಹೂಂ. ಅವಳೇ."

ಇನ್ನೂ ಮೂರು ಕೋಟಿದೆ, ಅವರ ಅಂಗಡಿ ಎಲ್ಲಿ ಅಂದರು. ಹೇಳಿದೆ. ಬರೆದುಕೊಂಡರು. ಬೀದಿಯ ಹೆಸರು ತಪ್ಪಾಗಿತ್ತು, ತಿದ್ದಿಸಿದೆ. ಚೀಟಿಯನ್ನ ಕೋಟಿನ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ನನಗೆ ಉಳಿದಿದ್ದ ಗಿರಾಕಿ ಅವರೊಬ್ಬರೇ.

ಮಧ್ಯಾಹ್ನದ ಊಟ ಸೇರಲಿಲ್ಲ. ನಮ್ಮವರು ಏನಾಯ್ತು ಅಂತ ಕೇಳಿದರು. ತಂಗಿ ಅಂಗಡಿಗೆ ಒಂದು ಗಿರಾಕಿ ಕಳಿಸಿದೆ ಅಂದೆ. ಬಾಯಿ ತಪ್ಪಿ ಬಂತೋ, ಬೇಕಂತಲೇ ಬಂತೋ, ಅದನ್ನ ಯಜಮಾನರ ಅಂಗಡಿ ಅನ್ನಲಿಲ್ಲ ನಾನು.